ದೊರೆ ಮನೆಯಲ್ಲಿದ್ದಾರೆ

ಬೆಳಗ್ಗೆ ಹನ್ನೊಂದು ಗಂಟೆ ಹತ್ತಿರವಾಗುತ್ತಿದ್ದಂತೆ ಈಗಲೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ಎಲ್ಲಿ ಎಂದು ಹುಡುಕುತ್ತೇನೆ. ಹೋದ ವರ್ಷ ಮಳೆಗಾಲ ಶುರುವಾದಾಗಿನಿಂದ ದೀಪಾವಳಿ ಕಳೆಯುವವರೆಗೆ ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿರಲಿಲ್ಲ, ಟಿ.ವಿ. ಹಚ್ಚುವಂತಿರಲಿಲ್ಲ. ಫೋನ್ ಬರುತ್ತಿತ್ತು. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ. ನಗಾರಿಯ ಸದ್ದು ಕೇಳಿಸುತ್ತಿತ್ತು, ಅಷ್ಟೇ. ಅದು ನಿಂತ ಮೇಲೆ ಫೋನೂ ಕಟ್ಟಾಗುತ್ತಿತ್ತು. ‘ಸದ್ಯ, ಇವತ್ತು ಇದ್ದಾರೆ’ ಎಂದುಕೊಂಡು ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ಆ ನಗಾರಿ ನೈಜೀರಿಯಾದ ಉತ್ತರ ಭಾಗದ ಒಂದು ಸಣ್ಣ ಪಟ್ಟಣದ್ದು. ಅಲ್ಲಿ ಹೊತ್ತು ಹುಟ್ಟುವಾಗ ನಮಗೆ ಹನ್ನೊಂದು ಗಂಟೆ. ಅವರ ಕಡೆ ಪಟ್ಟಣಕ್ಕೊಬ್ಬ, ಸೀಮೆಗೊಬ್ಬ ಮುಸಲ್ಮಾನ ದೊರೆ ಇರುತ್ತಾನೆ. ಅಮೀರ ಎನ್ನುತ್ತಾರೆ. ದೇಶಕ್ಕೆ ಅಧ್ಯಕ್ಷರಿದ್ದಾರೆ, ರಾಜ್ಯಕ್ಕೆ ಗವರ್ನರ್ ಇದ್ದಾರೆ, ಪೊಲೀಸು, ಕೋರ್ಟು, ಕಚೇರಿ ಎಲ್ಲ ಇವೆ. ಅಮೀರನಿಗೆ ಸೈನ್ಯವಿಲ್ಲ, ಕಂದಾಯ ಎತ್ತುವ ಹಕ್ಕಿಲ್ಲ. ಆದರೂ ಹೊಲದ ಜಗಳ, ದನದ ಜಗಳ, ಅಣ್ಣತಮ್ಮಂದಿರ ಪಾಲು, ಎಲ್ಲ ಅವನ ಮುಂದೆ ಕೂತೇ ತೀರಬೇಕು. ಅಂಥ ಅಮೀರರೊಬ್ಬರು ರಾಮನಗರದ ಹತ್ತಿರದ ನಮ್ಮ ಕೈಲಾಂಚದ ಮನೆಯ ಹೊರಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ, ಒಂದು ಬೆಳೆ ರೇಷ್ಮೆಹುಳ ಸಾಕಿ ಹೋದವರು ಎಂದರೆ ನಂಬುವವರು ಕಡಿಮೆ. ನನ್ನ ಗಂಡನ ಕಡೆಯ ನೆಂಟರಂತೂ ಇವತ್ತಿಗೂ ನಾನು ಬುರುಡೆ ಬಿಡುತ್ತೇನೆ ಎಂದೇ ತಿಳಿದಿದ್ದಾರೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಪಟ್ಟದ ರುಮಾಲು ಸುತ್ತಿದ ಮೇಲೆ ದೊರೆಯ ಹೆಸರನ್ನು ಆ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೆಂಡತಿ ಮಕ್ಕಳೂ ಹೇಳುವುದಿಲ್ಲ ಎಂದು ಅವರ ಮಗಳು ಒಮ್ಮೆ ಹೇಳಿದ್ದಳು. ಇದನ್ನು ಕೇಳಿ ನಮ್ಮತ್ತೆಗೆ ಏನೂ ಆಶ್ಚರ್ಯವಾಗಲಿಲ್ಲ. ಅವರು ಜನಗಣತಿಯವರು ಬಂದಾಗಲೂ ಮಾವನವರ ಹೆಸರು ಹೇಳದೆ ನನ್ನ ಕಡೆ ಕೈ ತೋರಿಸಿದವರು.

ಹದಿನೆಂಟು ವರ್ಷದ ಹಿಂದೆ ನಾನು ಚನ್ನಪಟ್ಟಣದ ಒಂದು ರೇಷ್ಮೆ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಹೊರದೇಶದವರ ಒಂದು ತಂಡ ಕಲಿಯಲು ಬಂದಿತ್ತು. ಅದರಲ್ಲಿ ಇವರು ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ನಿಧಾನ. ವಯಸ್ಸು ನಲವತ್ತು ದಾಟಿರಬೇಕು. ತಮ್ಮ ರಾಜ್ಯದ ಕೃಷಿ ಇಲಾಖೆಯಲ್ಲಿ ನೌಕರಿ ಎಂದು ಹೇಳಿಕೊಂಡಿದ್ದರು. ನಗು ಬಂದರೆ ಹೆಗಲ ಮೇಲಿನ ಬಟ್ಟೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಯಾರಾದರೂ ಹಿರಿಯರು ಎದುರಾದರೆ ಅರ್ಧ ಕುಕ್ಕರುಗಾಲಲ್ಲಿ ಕೂತು ನಮಸ್ಕಾರ ಹೇಳುತ್ತಿದ್ದರು. ನಮ್ಮ ಕೇಂದ್ರದ ಜವಾನರಿಗೂ ಅದೇ ಮರ್ಯಾದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರು ಬೇಗ ಕಲಿತ ಕನ್ನಡ ಎಂದರೆ ‘ಒಸಿ ತಡೀರಿ’, ಸ್ವಲ್ಪ ತಾಳಿ ಎಂದು. ಬಸ್ಸಿನ ಕಂಡಕ್ಟರನಿಗೂ ಒಸಿ ತಡೀರಿ, ಊಟಕ್ಕೆ ಕರೆದರೂ ಒಸಿ ತಡೀರಿ. ನನಗೆ ತಡೆಯುವುದು ಎಂದರೆ ಆಗುವುದಿಲ್ಲ. ಬಸ್ಸು ಎರಡು ನಿಮಿಷ ತಡವಾದರೆ ರಸ್ತೆಯಲ್ಲಿ ಅಪಘಾತವಾಗಿದೆ ಎಂದು ತೀರ್ಮಾನಿಸುವವಳು ನಾನು. ನನ್ನಂಥವಳಿಗೆ ಇಂಥವರು ಗಂಟು ಬೀಳಬೇಕೇ?

ರೈತರ ಮನೆಯಲ್ಲಿ ಇದ್ದು ಒಂದು ಬೆಳೆ ಹುಳ ಸಾಕಿ ಕಲಿಯಬೇಕು ಎಂಬ ನಿಯಮ ಇತ್ತು. ಇವರನ್ನು ನಮ್ಮ ಮನೆಗೇ ಕರೆತಂದೆ. ಅತ್ತೆ ಬಾಗಿಲಲ್ಲಿ ನಿಂತು ಕೆಳಗಿನಿಂದ ಮೇಲಿನವರೆಗೆ ನೋಡಿದರು.

“ಇಷ್ಟುದ್ದ ಅವ್ನಲ್ಲಮ್ಮಿ, ನಮ್ ಚಾಪೆ ಸಾಕಾಯ್ತದಾ?”

ಅವತ್ತು ರಾತ್ರಿ ಊಟಕ್ಕೆ ಏನು ಮಾಡುವುದೆಂದು ನನಗೆ ದಿಗಿಲು. ಅನ್ನ, ಚಪಾತಿ ಎರಡೂ ಮಾಡಿಟ್ಟಿದ್ದೆ. ಅವರ ಕಣ್ಣು ಹೋದದ್ದು ಅತ್ತೆಯ ತಟ್ಟೆಯಲ್ಲಿದ್ದ ರಾಗಿಮುದ್ದೆಯ ಮೇಲೆ. ಅದನ್ನೇ ಕೇಳಿ ಹಾಕಿಸಿಕೊಂಡರು. ಒಂದು ತುತ್ತು ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ, ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದರು. ಹೊರಗಿನವರು ಮುದ್ದೆಯನ್ನು ಜಗಿದು ಹಲ್ಲಿಗೆ ಮೆತ್ತಿಕೊಂಡು ಒದ್ದಾಡುವುದನ್ನು ನೋಡಿ ನಗಲು ಕಾದಿದ್ದ ನಮ್ಮತ್ತೆ ಬಾಯಿ ತೆರೆದುಕೊಂಡೇ ಕೂತರು. ಅವರ ಊರಲ್ಲೂ ಜೋಳದ ಹಿಟ್ಟು, ಸಜ್ಜೆ ಹಿಟ್ಟು ಕುದಿಸಿ ಕೋಲಲ್ಲಿ ತೊಳಸಿ ಹೀಗೇ ಮುದ್ದೆ ಕಟ್ಟುತ್ತಾರಂತೆ, ಸೊಪ್ಪಿನ ಸಾರಲ್ಲಿ ಅದ್ದಿ ಹೀಗೇ ನುಂಗುತ್ತಾರಂತೆ. ಮಾರನೆಯ ದಿನ ಬೆಳಗಾಗುವುದರೊಳಗೆ ಈ ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು. “ಆಫ್ರಿಕಾದ ಸಾಬ್ರು ನಮ್ಮಂಗೇ ಮುದ್ದೆ ನುಂಗ್ತಾರಂತೆ ಕಣ್ಲಾ” ಎಂದು ಡೈರಿಗೆ ಹಾಲು ಹಾಕಲು ಬಂದವರೆಲ್ಲ ಇಣುಕಿ ಹೋದರು.

ಹುಳದ ಮನೆಯ ಕಟ್ಟುಪಾಡು ನಮ್ಮ ಕಡೆಯವರಿಗೆ ಗೊತ್ತು. ಚಪ್ಪಲಿ ಹೊರಗೆ, ಕೈಕಾಲು ತೊಳೆದೇ ಒಳಗೆ, ಬೀಡಿ ಸೇದಿದವರಿಗೆ ಬಾಗಿಲು ಬಂದ್. ಕಟುವಾದ ವಾಸನೆ ಸೋಕಿದರೆ ಹುಳ ಮೇಯುವುದನ್ನೇ ನಿಲ್ಲಿಸುತ್ತವೆ. ಇದನ್ನೆಲ್ಲ ನಾನು ತರಗತಿಯಲ್ಲಿ ಹೇಳಿದ್ದೆ. ಆದರೆ ರಂಜಾನ್ ಹಬ್ಬದ ದಿನ ಯಾರಿಗೆ ಪಾಠ ನೆನಪಿರುತ್ತದೆ? ಅವರು ರಾಮನಗರಕ್ಕೆ ಹೋಗಿ ನಮಾಜು ಮುಗಿಸಿ, ಅಲ್ಲಿ ಪರಿಚಯವಾದ ನೂಲು ಬಿಚ್ಚುವವರ ಮನೆಯಲ್ಲಿ ಊಟ ಮಾಡಿ, ಬಿಳಿ ನಿಲುವಂಗಿಯಲ್ಲಿ ಬಂದರು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಪಾಪ, ತಡವಾಯಿತಲ್ಲ ಎಂದು ಬಟ್ಟೆಯನ್ನೂ ಬದಲಿಸದೆ ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋಗಿದ್ದಾರೆ. ಮೈತುಂಬ ಅತ್ತರು. ಅವರ ಕಡೆ ಹಬ್ಬಕ್ಕೆ ಬಟ್ಟೆಗೆ ಧೂಪದ ಹೊಗೆ ಬೇರೆ ಹಿಡಿಸುತ್ತಾರಂತೆ.

ಅರ್ಧ ಗಂಟೆಯಲ್ಲಿ ಹುಳ ತಲೆ ಎತ್ತಿಕೊಂಡು ಸುಮ್ಮನೆ ನಿಂತವು.

“ಏನ್ ಮಾಡ್ಬುಟ್ಟೆ ಮಾರಾಯಾ! ಸೆಂಟು ಹಾಕ್ಕಂಡು ಹುಳಿನ್ ಮನೆಗೆ ಯಾರಾರ ಬತ್ತಾರಾ? ನಮ್ ಬಾಯಿಗೆ ಮಣ್ಣಾಕ್ಬುಟ್ಯಲ್ಲಪ್ಪಾ!” ಅತ್ತೆ ಎದೆ ಬಡಿದುಕೊಂಡರು. ಒಂದು ಮಾತೂ ಅರ್ಥವಾಗದಿದ್ದರೂ ನಮ್ಮ ಅತಿಥಿಗೆ ಎಲ್ಲ ಅರ್ಥವಾಯಿತು. ಹೋಗಿ ಬಾವಿಯ ಹತ್ತಿರ ಸ್ನಾನ ಮಾಡಿ, ಹಳೆ ಲುಂಗಿ ಉಟ್ಟುಕೊಂಡು, ಗೇಟಿನ ಹೊರಗಿನ ಕಲ್ಲಿನ ಮೇಲೆ ಕೂತರು. ನಾನು ಕರೆದೆ, ನನ್ನ ಗಂಡ ಕರೆದರು. ಬರಲಿಲ್ಲ. “ಮನೆಗೆ ಕೇಡು ಮಾಡಿದವನು ಹೊಸ್ತಿಲಾಚೆ ಕೂರಬೇಕು. ಮನೆಯ ಹಿರಿಯರು ಕರೆದರೆ ಮಾತ್ರ ಒಳಗೆ” ಎಂದರು. ರಾತ್ರಿಯೂ ಅಲ್ಲೇ. ನಾನು ಒಳಗೆ ಹುಳ ನೋಡುವುದೋ, ಹೊರಗೆ ಇವರನ್ನು ನೋಡುವುದೋ ತಿಳಿಯದೆ ಓಡಾಡಿ ಸತ್ತೆ. ಬೆಳಗ್ಗೆ ಸೊಪ್ಪು ಬದಲಿಸಿ ಗಾಳಿಗೆ ಕಿಟಕಿ ತೆಗೆದ ಮೇಲೆ ಹುಳ ನಿಧಾನವಾಗಿ ಬಾಯಾಡಿಸತೊಡಗಿದವು. ಅತ್ತೆ ಗೇಟಿನ ತನಕ ಹೋಗಿ, “ಬಾರಪ್ಪಾ ಒಳೀಕೆ, ಮೇಯ್ತಾವೆ. ನಾನೂ ಒಸಿ ಜಾಸ್ತಿ ಅಂದ್ಬುಟ್ಟೆ, ಮನ್ಸಿಗಾಕ್ಕೋಬ್ಯಾಡ” ಎಂದು ಕೈ ಹಿಡಿದು ಎಬ್ಬಿಸಿದರು. ಒಂದಷ್ಟು ಹುಳ ಹೋದವು. ಆದರೂ ಗೂಡು ಮೋಸವಾಗಲಿಲ್ಲ.

ಅವರು ಯಾರು ಎಂಬುದು ನಮಗೆ ಗೊತ್ತಾದದ್ದು ತರಬೇತಿ ಮುಗಿಯುವ ಹೊತ್ತಿಗೆ. ಅವರ ದೇಶದ ಒಬ್ಬ ದೊಡ್ಡ ಅಧಿಕಾರಿ ನಮ್ಮ ಕೇಂದ್ರ ನೋಡಲು ಬಂದಿದ್ದರು. ಸೂಟು, ಬೂಟು, ಹಿಂದೆ ನಾಲ್ಕು ಜನ. ನಾವೆಲ್ಲ ಹಾರ ಹಿಡಿದು ಸಾಲಾಗಿ ನಿಂತಿದ್ದೆವು. ಅಷ್ಟರಲ್ಲಿ ಇವರು ಹವಾಯಿ ಚಪ್ಪಲಿಯಲ್ಲಿ, ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ತೋಟದ ಕಡೆಯಿಂದ ಬಂದರು. ಆ ಸೂಟಿನ ಮನುಷ್ಯ ಇವರನ್ನು ಕಂಡದ್ದೇ ತಡ, ಅಂಗಳದ ಮಣ್ಣಿನಲ್ಲಿ ಕುಕ್ಕರಿಸಿ ಕೂತು ಮುಷ್ಟಿ ಮೇಲೆತ್ತಿ ಜೈಕಾರದ ಹಾಗೆ ಏನೋ ಕೂಗಿದರು. ಅವರ ಹಿಂದಿದ್ದವರೂ ಕೂತರು. ನಮ್ಮ ಪ್ರಾಂಶುಪಾಲರ ಕೈಯಲ್ಲಿ ಹಾರ ಹಾಗೇ ಉಳಿಯಿತು. ಇವರು “ಒಸಿ ತಡೀರಿ” ಎಂದು ಕನ್ನಡದಲ್ಲೇ ಹೇಳಿ, ಮೊದಲು ಕುಕ್ಕೆಯನ್ನು ನೆರಳಿಗೆ ಇಳಿಸಿ ಆಮೇಲೆ ಅವರನ್ನು ಎಬ್ಬಿಸಿದರು.

ಅವರು ಅಮೀರನ ಮಗ. ಹಾಗೆಂದು ಮುಂದಿನ ಅಮೀರ ಅವರೇ ಎಂದೇನಿಲ್ಲ. ದೊರೆ ತೀರಿಕೊಂಡರೆ ಹಿರಿಯರ ಒಂದು ಪಂಚಾಯ್ತಿ ಕೂತು, ಅರಸು ಮನೆತನದ ಗಂಡಸರಲ್ಲಿ ಒಬ್ಬರನ್ನು ಆರಿಸುತ್ತದೆ. ಸರ್ಕಾರ ಒಪ್ಪಬೇಕು. “ಹಾಗಾದರೆ ಅಣ್ಣತಮ್ಮಂದಿರಲ್ಲಿ ಪೈಪೋಟಿ ಅನ್ನಿ” ಎಂದೆ. “ನಾವೆಲ್ಲ ದಿನಾ ಅಪ್ಪನ ಆಯುಸ್ಸಿಗೆ ಪ್ರಾರ್ಥನೆ ಮಾಡ್ತೀವಿ. ಒಂದಿಬ್ಬರು ಮನಸ್ಸಿಟ್ಟು ಮಾಡ್ತಾರೆ” ಎಂದು ಬಟ್ಟೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿದರು. ತಮಗೆ ಮಾತ್ರ ಅದು ಬೇಡ ಎನ್ನುತ್ತಿದ್ದರು. ಅವರ ಆಸೆ ಊರಿನ ಹೊಳೆ ದಂಡೆಯಲ್ಲಿ ಹಿಪ್ಪುನೇರಳೆ ಹಾಕಿ ಹೆಂಗಸರಿಗೆ ಹುಳ ಸಾಕುವುದನ್ನು ಕಲಿಸುವುದು. ರಾಮನಗರದ ಬಂಡೆಗಳನ್ನು ನೋಡಿದಾಗಲೆಲ್ಲ, ನಮ್ಮೂರೂ ಇಂಥದೇ ಬಂಡೆಯ ಬುಡದಲ್ಲಿದೆ, ನೀವೆಲ್ಲ ಒಮ್ಮೆ ಬರಬೇಕು ಎನ್ನುತ್ತಿದ್ದರು. ಚನ್ನಪಟ್ಟಣದಲ್ಲಿ ಮಗಳಿಗೆಂದು ಮರದ ಕುದುರೆ ಕೊಳ್ಳುವಾಗ, ಲಗಾಮು ಕಟ್ಟಿರುವುದು ಸರಿಯಿಲ್ಲ ಎಂದು ಅಂಗಡಿಯವನ ಹತ್ತಿರ ಬಹಳ ಹೊತ್ತು ಚರ್ಚೆ ಮಾಡಿ ಅವನ ತಲೆ ತಿಂದರು.

ಊರಿಗೆ ಹೋದ ಮೇಲೆ ಹೊಳೆ ದಂಡೆಯಲ್ಲೂ ಅರಮನೆಯ ಒಳ ಅಂಗಳದಲ್ಲೂ ಹಿಪ್ಪುನೇರಳೆ ಹಾಕಿದ್ದೂ ನಿಜ. ಗಿಡ ಬಂತು, ಹುಳ ಮಾತ್ರ ಆ ಬಿಸಿಲಿಗೆ ನಿಲ್ಲಲಿಲ್ಲ. “ಹಣ್ಣನ್ನು ಊರ ಮಕ್ಕಳು ತಿಂದು ನಾಲಿಗೆ ನೇರಳೆ ಮಾಡಿಕೊಳ್ತವೆ. ರೇಷ್ಮೆ ಇಲ್ಲ, ನಾಲಿಗೆಯಾದರೂ ಬಣ್ಣ ಆಯ್ತು” ಎಂದು ಬರೆದಿದ್ದರು. ಆಮೇಲೆ ಅವರ ತಂದೆ ತೀರಿಕೊಂಡರು. ಹಿರಿಯರು ಇವರನ್ನೇ ಆರಿಸಿದರು.

ಪಟ್ಟಾಭಿಷೇಕದ ವಿಡಿಯೋ ಬಂತು. ತಲೆಗೆ ಬಿಳಿ ರುಮಾಲು, ನೆತ್ತಿಯ ಮೇಲೆ ಎರಡು ಕಿವಿಯ ಹಾಗೆ ಎದ್ದ ಕುಚ್ಚು, ಬಾಯಿ ಗಲ್ಲ ಎಲ್ಲ ಮುಚ್ಚಿ ಸುತ್ತಿದ ಬಟ್ಟೆ. ಕಣ್ಣು ಮಾತ್ರ ಕಾಣುತ್ತಿತ್ತು. ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಯಾಕಮ್ಮಿ ಬಾಯ್ ಕಟ್ಕಂಡವ್ನೆ, ಹಲ್ನೋವಾ?” ಎಂದರು. ದೊರೆಯಾದವನು ಸಭೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲ. ಪಕ್ಕದಲ್ಲಿ ಕೂತವನ ಕಿವಿಯಲ್ಲಿ ಹೇಳಿದ್ದನ್ನು ಅವನು ಜನಕ್ಕೆ ಹೇಳುತ್ತಾನೆ. ಮನೆ ಬಿಟ್ಟು ಮನಸ್ಸು ಬಂದ ಕಡೆ ಹೋಗುವಂತಿಲ್ಲ. ನಾಲ್ಕು ಜನರೆದುರು ಉಣ್ಣುವಂತಿಲ್ಲ, ಅವರ ಊಟದ ಮಾತನ್ನು ಯಾರೂ ಎತ್ತುವಂತಿಲ್ಲ. ಇದು ನಮಗೇನು ಗೊತ್ತು? ಅವರ ಮಗಳು ವಿಡಿಯೋ ಕರೆ ಮಾಡಿ ಅಪ್ಪನ ಮುಂದೆ ಹಿಡಿದಳು. ಹಿಂದೆ ಸಭೆಯೇ ಕೂತಿತ್ತು. ಅತ್ತೆ ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ಬೀದಿಗೆ ಕೇಳುವಂತೆ ಕೂಗಿದರು.

“ಉಂಡ್ಯಾ ಮಗಾ?”

ರುಮಾಲಿನ ಸಂದಿಯಲ್ಲಿ ಅವರ ಕಣ್ಣು ಸಣ್ಣದಾಯಿತು. ಮುದುಕಿ ಏನೆಂದಳು ಎಂದು ಪಕ್ಕದವರು ಕೇಳಿರಬೇಕು, ಇವರು ಏನೋ ಪಿಸುಗುಟ್ಟಿದರು, ಸಭೆಯವರೆಲ್ಲ ತಲೆಯಾಡಿಸಿದರು. ಸಂಜೆ ಅವರೇ ಫೋನ್ ಮಾಡಿದರು. “ನಮ್ಮ ದೊರೆಗೆ ದೀರ್ಘಾಯುಸ್ಸು ಬರಲಿ ಎಂದು ಹರಸಿದರು ಅಂತ ಹೇಳಿದೆ. ಇಲ್ಲಿ ಬಂದ ಮೇಲೆ ಊಟ ಮಾಡಿದೆಯಾ ಅಂತ ಯಾರೂ ಕೇಳಿಲ್ಲ. ಕೇಳಲಿಕ್ಕೆ ಅಮ್ಮನಿಗೆ ಹೇಳಿ, ಸಂಜೆ ಹೊತ್ತು” ಎಂದರು. ಅಲ್ಲೇ ಫೋನನ್ನು ಅತ್ತೆಯ ಕೈಗೆ ಕೊಟ್ಟೆ.

ಅವರ ಆಳ್ವಿಕೆ ಹೇಗಿತ್ತು ಎಂದು ಹೇಳಲು ನಾನು ಕಂಡವಳಲ್ಲ. ಮಗಳು ಹೇಳಿದ್ದನ್ನು ಹೇಳುತ್ತೇನೆ. ಅವರ ಸೀಮೆಯಲ್ಲಿ ಹೊಳೆದಂಡೆಗೆ ದನ ಹೋಗುವ ದಾರಿಯೊಂದಿತ್ತು. ಬೇಸಾಯದವರು ಈರುಳ್ಳಿ ಹಾಕುತ್ತಾ ಹಾಕುತ್ತಾ ದಾರಿ ಕಿರಿದಾಯಿತು. ದನಗಾಹಿಗಳ ಹಿಂಡು ಬೆಳೆಗೆ ನುಗ್ಗಿತು. ಕತ್ತಿ ಹೊರಬಿದ್ದು ಎರಡೂ ಕಡೆ ಹೆಣ ಬಿದ್ದವು. ಇವರು ಎರಡೂ ಕಡೆಯವರನ್ನು ಕರೆಸಿ ತೀರ್ಪು ಹೇಳಲಿಲ್ಲ. ಒಂದು ಬೆಳಗ್ಗೆ ಕುದುರೆ ಬೇಡ ಎಂದು ಹೇಳಿ, ಅರಮನೆಯಿಂದ ಹೊಳೆಯವರೆಗೆ ನಡೆದುಕೊಂಡೇ ಆ ದಾರಿಯ ಅಂಚು ಹಿಡಿದು ಹೋದರು. ದೊರೆ ನೆಲದ ಮೇಲೆ ಕಾಲಿಟ್ಟು ನಡೆಯುವುದನ್ನು ಆ ಊರು ಕಂಡಿರಲಿಲ್ಲ. ಅರಮನೆಯ ಹಳಬರು ಮಾನ ಹೋಯಿತೆಂದು ಅತ್ತರು. ಬೇಸಾಯದವರು ನಾಚಿಕೊಂಡು ತಾವೇ ಈರುಳ್ಳಿ ಕಿತ್ತರು. ದೊರೆ ನಡೆದ ಅಂಚಿನಲ್ಲಿ ಕಲ್ಲು ನೆಟ್ಟರು. ಕೆಲವು ವರ್ಷ ಆ ದಾರಿ ನೆಮ್ಮದಿಯಾಗಿತ್ತು.

ಆಮೇಲೆ ಬಂದೂಕು ಬಂತು. ಕಾಡಿನಿಂದ ಬೈಕಿನ ಮೇಲೆ ಬರುವ ಹುಡುಗರು, ಹಳ್ಳಿಗೆ ನುಗ್ಗಿ ದನ ಹೊಡೆದುಕೊಂಡು, ಜನರನ್ನು ಎತ್ತಿಕೊಂಡು ಹೋಗುತ್ತಿದ್ದರು. ಅವರಿಗೆ ದೊರೆಯೂ ಒಂದೇ, ದನಗಾಹಿಯೂ ಒಂದೇ. ಸುತ್ತಲ ಹಳ್ಳಿಗಳು ಖಾಲಿಯಾಗಿ ಜನ ಪಟ್ಟಣದ ಗೋಡೆಯೊಳಗೆ ಬಂದರು. ಅರಮನೆಯ ಹೊರ ಅಂಗಳದಲ್ಲಿ ಒಲೆಗಳು ಎದ್ದವು. ಪಕ್ಕದ ಸೀಮೆಯ ಅಮೀರ ಚಿಕಿತ್ಸೆಗೆಂದು ರಾಜಧಾನಿಗೆ ಹೋದ. ಅವನಿಗೆ ನಿಜವಾಗಿ ಕಾಯಿಲೆಯಿತ್ತೋ ಇಲ್ಲವೋ, ಅವನ ಅರಮನೆಯ ನಗಾರಿ ನಿಂತಿತು. ವಾರದೊಳಗೆ ಆ ಪಟ್ಟಣದ ಜನ ಬೆಳೆದ ಬೆಳೆ ಬಿಟ್ಟು ಗಂಟುಮೂಟೆ ಕಟ್ಟಿದರು. ಮತ್ತೆ ಯಾರೂ ವಾಪಸ್ಸು ಬರಲಿಲ್ಲ.

ನಗಾರಿಯ ಲೆಕ್ಕ ಇಷ್ಟೇ. ದೊರೆ ಮನೆಯಲ್ಲಿದ್ದರೆ ಬೆಳಗ್ಗೆ ಬಾರಿಸುತ್ತಾರೆ, ಊರು ಬಿಟ್ಟಿದ್ದರೆ ಇಲ್ಲ. ಮೊದಲೆಲ್ಲ ಅದನ್ನು ಯಾರೂ ಗಮನಿಸುತ್ತಿರಲಿಲ್ಲವಂತೆ. ಬಂದೂಕು ಬಂದ ಮೇಲೆ ಮಾತ್ರ ನಗಾರಿ ಕೇಳದೆ ಒಬ್ಬರೂ ಹೊಲಕ್ಕೆ ಹೊರಡುತ್ತಿರಲಿಲ್ಲ.

ಇಂಥ ಹೊತ್ತಿನಲ್ಲೇ ಅವರ ಎದೆ ಕೈಕೊಟ್ಟಿತು. ಹೃದಯದ ಕವಾಟವೊಂದು ಹಾಳಾಗಿದೆ, ಬದಲಿಸಬೇಕು ಎಂದರು ಅಲ್ಲಿನ ವೈದ್ಯರು. ಮಗಳು ವರದಿಗಳನ್ನೆಲ್ಲ ನನ್ನ ಫೋನಿಗೆ ಕಳಿಸಿದಳು. ನಾನು ಅವನ್ನು ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆ. ವೈದ್ಯರು ನೋಡಿ, “ಆದಷ್ಟು ಬೇಗ ಕರೆಸಿಕೊಳ್ಳಿ. ಮಾಡಿದರೆ ಚೆನ್ನಾಗಿ ಬದುಕುತ್ತಾರೆ. ಮಾಡದಿದ್ದರೆ ಎಷ್ಟು ದಿನ ಅಂತ ನಾನು ಹೇಳಲ್ಲ” ಎಂದರು. ವೀಸಾ ಆಯಿತು. ಟಿಕೆಟ್ಟೂ ಆಯಿತು. ನಾನು ಹೊರಕೋಣೆಗೆ ಸುಣ್ಣ ಹೊಡೆಸಿ ಉದ್ದದ ಮಂಚ ಮಾಡಿಸಿದೆ. ಆಪರೇಷನ್ ಆದ ಮೇಲೆ ಕೈಲಾಂಚದಲ್ಲೇ ಇದ್ದು ಸುಧಾರಿಸಿಕೊಳ್ಳಲಿ ಎಂದು.

“ಒಸಿ ತಡೀರಿ” ಎಂದರು ಅವರು.

ಮೊದಲು, ಮಳೆ ಬಂದಿದೆ, ಬಿತ್ತನೆ ಆಗಲಿ ಎಂದರು. ಬಿತ್ತನೆ ಆಯಿತು. ಆಮೇಲೆ ಕಳೆ ತೆಗೆಯಲಿ ಎಂದರು. ನಾನು ಟಿಕೆಟ್ ಮುಂದಕ್ಕೆ ಹಾಕಿಸಿದೆ. ಜೋಳ ತೆನೆ ಕಟ್ಟುವಾಗ, ಕೊಯ್ಲು ಮುಗಿದ ಮಾರನೆಯ ದಿನ ಹೊರಡುತ್ತೇನೆ ಎಂದರು. ನನಗೆ ರೇಗಿತು. ದೊರೆ ಎನ್ನುವುದನ್ನೂ ಮರೆತು ಬೈದೆ.

“ನೀವು ಸತ್ತರೆ ಆ ಜೋಳ ತಗೊಂಡು ಏನು ಮಾಡ್ತೀರಿ? ಒಂದು ತಿಂಗಳ ಮಾತು. ಹೋಗಿ ಬರ್ತೀನಿ ಅಂತ ಜನಕ್ಕೆ ಹೇಳೋಕಾಗಲ್ವಾ?”

“ಪಕ್ಕದೂರಿನವರೂ ಹೋಗಿ ಬರ್ತೀನಿ ಅಂತಲೇ ಹೇಳಿ ಹೋದರು” ಎಂದರು. ಉಸಿರು ಕಟ್ಟುತ್ತಿತ್ತು, ಒಂದೊಂದೇ ಮಾತು ಆಡುತ್ತಿದ್ದರು. “ಈ ಜನ ಬೆಳೆ ಬಿಟ್ಟು ಹೋದರೆ ರಸ್ತೆ ಬದಿಯ ಟೆಂಟಿಗೆ ಹೋಗ್ತಾರೆ. ಅಲ್ಲಿಗೆ ಹೋದವರು ಬೇಸಾಯಗಾರರಾಗಿ ವಾಪಸ್ಸು ಬರೋದಿಲ್ಲ. ಜೋಳ ಮನೆ ಸೇರಿದರೆ ಒಂದು ವರ್ಷ ಗಟ್ಟಿಯಾಗಿ ಕೂರ್ತಾರೆ. ಒಂದು ವರ್ಷ ಕೂತರೆ ಇನ್ನೊಂದು ವರ್ಷ ಕೂರ್ತಾರೆ.”

ಆದರೂ ನಾನು ಜಗಳ ಬಿಡಲಿಲ್ಲ. ಅತ್ತೆ ತಮ್ಮ ಪಾಡಿಗೆ ಕಬ್ಬಾಳಮ್ಮನಿಗೆ ಹರಕೆ ಕಟ್ಟಿಕೊಂಡರು. “ಅವ್ನ್ ಎದೆ ಸರಿ ಮಾಡ್ಸವ್ವಾ, ಮಡ್ಲಕ್ಕಿ ತಂದು ತುಂಬ್ತೀನಿ” ಎಂದು ಬೇಡಿಕೊಂಡದ್ದನ್ನು ಫೋನಿನಲ್ಲಿ ಹೇಳಿಯೂ ಬಿಟ್ಟರು. ಮುಸಲ್ಮಾನ ದೊರೆಗೆ ಇದನ್ನೆಲ್ಲ ಹೇಳಬಹುದೋ ಬಾರದೋ ಎಂದು ನಾನು ಕೈ ಹಿಸುಕಿಕೊಂಡೆ. ಅವರು ನಕ್ಕರು. “ಅಮ್ಮ ಯಾವ ಬಾಗಿಲು ತಟ್ಟಿದರೂ ನನಗೋಸ್ಕರ ತಾನೇ ತಟ್ಟೋದು” ಎಂದರು.

ನನ್ನ ಕಾಟ ತಡೆಯಲಾರದೆ ಮಗಳು, ಮೊದಲ ಸಲ ಪ್ರಯಾಣ ಮುಂದೆ ಹೋದಾಗಲೇ, ಆ ಏರ್ಪಾಡು ಮಾಡಿದ್ದಳು. ದಿನಾ ಬೆಳಗ್ಗೆ ನಗಾರಿ ಬಾರಿಸುವಾಗ ಫೋನ್ ಹಚ್ಚಿ ಕಿಟಕಿಗೆ ಹಿಡಿಯುವುದು. ನಾನು ಕೇಳುವುದು. ಗಲಾಟೆಯಾದ ದಿನ ಅಲ್ಲಿ ನೆಟ್‌ವರ್ಕ್ ಕಡಿದುಬಿಡುತ್ತಿತ್ತು. ಅಂಥ ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೊರಗೆ ಒಳಗೆ ಓಡಾಡುತ್ತಿದ್ದೆ. “ನಿನ್ನ ನೋಡಿದ್ರೆ ನಂಗೇ ಎದೆ ನೋವು ಬತ್ತದೆ, ಕುಂತ್ಕೋ ಒಸಿ” ಎಂದು ಗಂಡ ಗದರುತ್ತಿದ್ದರು. ಅತ್ತೆಗೆ ಈಗ ಕಿವಿ ಮಂದ. ನಗಾರಿ ಮಾತ್ರ ಕೇಳಿಸುತ್ತಿತ್ತು. ಫೋನನ್ನು ಕಿವಿಗೆ ಒತ್ತಿಕೊಂಡು, ಮುಗಿದ ಮೇಲೆ, “ಅವ್ನೆ ಕಣಮ್ಮಿ, ಚೆನ್ನಾಗವ್ನೆ” ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಅವರ ದನಿಯನ್ನು ಕೊನೆಯದಾಗಿ ಕೇಳಿದ್ದು ನವರಾತ್ರಿ ಮುಗಿದ ಮೇಲೆ. ಕೊಯ್ಲು ಶುರುವಾಗಿದೆ, ಹೊಳೆ ಕಡೆಯ ಹೊಲ ಮುಗಿದರೆ ಆಯಿತು ಎಂದರು. ಮಂಚದ ಅಳತೆ ಕೇಳಿದರು. ಸಾಕಷ್ಟು ಉದ್ದವಿದೆ ಎಂದೆ. ಅದಾದ ಮೇಲೆ ಎಷ್ಟು ಕೇಳಿದರೂ ಮಗಳು ಅವರ ಕೈಗೆ ಫೋನ್ ಕೊಡಲಿಲ್ಲ. “ಮಲಗಿದ್ದಾರೆ ಆಂಟಿ”, “ಮಾತಾಡೋ ಹಾಗಿಲ್ಲ ಆಂಟಿ” ಎನ್ನುತ್ತಿದ್ದಳು. ನನಗೆ ಅದು ಒಳ್ಳೆಯದೇ ಅನ್ನಿಸಿತು. ಸದ್ಯ, ಈಗಲಾದರೂ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ. ನಗಾರಿ ದಿನಾ ಕೇಳುತ್ತಿತ್ತು. ಆ ದಿನಗಳಲ್ಲಿ ನೆಟ್‌ವರ್ಕೂ ಕೈ ಕೊಡಲಿಲ್ಲ. ತಿಂಗಳುಗಳ ಮೇಲೆ ನಾನು ನೆಮ್ಮದಿಯಾಗಿ ಉಂಡೆ. ಬಲಿಪಾಡ್ಯಮಿಯ ದಿನ ಒಬ್ಬಟ್ಟು ಮಾಡಿದೆ. ಆಸ್ಪತ್ರೆಗೆ ಫೋನ್ ಮಾಡಿ, ಇನ್ನೇನು ಬಂದುಬಿಡುತ್ತಾರೆ ಎಂದು ತಿಳಿಸಿದೆ.

ಹಬ್ಬ ಕಳೆದ ಮೇಲೆ ಒಂದು ದಿನ, ನಗಾರಿ ನಿಂತರೂ ಫೋನ್ ಕಟ್ಟಾಗಲಿಲ್ಲ. ಮಗಳು ಮಾತಾಡಿದಳು. ಕೊಯ್ಲು ಮುಗಿಯಿತು, ಎಲ್ಲರ ಜೋಳವೂ ಮನೆ ಸೇರಿತು ಎಂದಳು. ಹಿರಿಯರು ಹೊಸ ಅಮೀರನನ್ನು ಆರಿಸಿದ್ದಾರೆ, ಸರ್ಕಾರವೂ ಒಪ್ಪಿದೆ ಎಂದಳು. ಅಪ್ಪ ಹೋದದ್ದು ಕೊಯ್ಲಿನ ನಡುವೆ, ಒಂದು ಮಧ್ಯಾಹ್ನ. ಕೊನೆಯ ಹೊಲ ಮುಗಿಯುವವರೆಗೆ ಹೊರಗೆ ಹೇಳಕೂಡದು ಎಂದು ಅವರದೇ ಅಪ್ಪಣೆಯಾಗಿತ್ತು. ನಾಲ್ಕೇ ಜನ ನಮಾಜು ಮಾಡಿ, ಅರಮನೆಯ ಒಳ ಅಂಗಳದಲ್ಲಿ, ಹಿಪ್ಪುನೇರಳೆ ಗಿಡಗಳ ಆಚೆ ಮಣ್ಣು ಮಾಡಿದರಂತೆ. ಅವಳಿಗೆ ಅಳುವುದಕ್ಕೂ ಅವಕಾಶ ಇರಲಿಲ್ಲವಂತೆ, ಗೋಡೆಯಾಚೆಯೇ ಒಲೆ ಹಚ್ಚಿಕೊಂಡು ಜನ ಇದ್ದರಂತೆ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. “ಹಾಗಾದ್ರೆ ನಾನು ಇಷ್ಟು ದಿನ ಕೇಳಿದ್ದೇನು? ಮುದುಕೀಗೆ ಕೇಳಿಸಿದ್ದೇನು? ಸುಳ್ಳು ನಗಾರಿ ಬಾರಿಸಿದ್ರಾ ನೀವು?” ಎಂದು ಕೂಗಿದೆ.

“ಸುಳ್ಳಲ್ಲ ಆಂಟಿ. ದೊರೆ ಮನೆಯಲ್ಲಿದ್ದರೆ ನಗಾರಿ ಬಾರಿಸಬೇಕು. ಅಪ್ಪ ಮನೆಯಲ್ಲೇ ಇದ್ದರು.”

ಆಗ ನನಗೆ ಅಳು ಬಂತು. ಅವಳೂ ಅತ್ತಳು. ಅತ್ತು ಮುಗಿದ ಮೇಲೆ ಹೊಸ ಅಮೀರ ಯಾರು ಎಂದು ಕೇಳಿದೆ. ಅವಳ ತಮ್ಮ. ಇವರು ನಮ್ಮ ಮನೆಗೆ ಬಂದಾಗ ಇನ್ನೂ ತೊಟ್ಟಿಲಲ್ಲಿದ್ದವನು. ಬೈಕಿನ ಹುಡುಗರು ಕಾಡಿನಲ್ಲಿ ಇನ್ನೂ ಹಾಗೇ ಇದ್ದಾರೆ. ನಾಳೆಯಿಂದ ನಗಾರಿ ಅವನಿಗೆ, ಮೊದಲಿನಂತೆ ಫೋನ್ ಹಚ್ಚಲೇ ಎಂದು ಕೇಳಿದಳು.

“ಬೇಡಮ್ಮ” ಎಂದೆ. “ನನ್ನ ಕೈಲಿ ಇನ್ನು ಆಗಲ್ಲ. ಒಬ್ಬರಿಗೇ ಸಾಕಾಗಿದೆ.” ಅವಳು ಬೇಸರ ಮಾಡಿಕೊಳ್ಳಲಿಲ್ಲ. ಸರಿ ಆಂಟಿ ಎಂದು ಫೋನ್ ಇಟ್ಟಳು.

ಮಾರನೆಯ ದಿನ ತೋಟಕ್ಕೆ ಹೋದೆ. ಬೇಕೆಂದೇ ದೂರದ ಸಾಲಿನಲ್ಲಿ ಸೊಪ್ಪು ಕೊಯ್ಯುತ್ತಾ ನಿಂತೆ. ಹನ್ನೊಂದಕ್ಕೆ ಮುಂಚೆಯೇ ಕೈ ನಿಂತಿತು. ಮನೆಗೆ ಬಂದೆ. ಅತ್ತೆ ಜಗಲಿಯಲ್ಲಿ ಕೂತಿದ್ದರು, ಅವರಿಗೆ ಎಲ್ಲ ಹೇಳಿದ್ದೆ. ಫೋನ್ ಮೇಜಿನ ಮೇಲೆ ಇತ್ತು. ಹನ್ನೊಂದಾಯಿತು. ಫೋನ್ ಬರಲಿಲ್ಲ. ಬೇಡ ಎಂದವಳು ನಾನೇ. ಆ ಹುಡುಗನಿಗೆ ಮೀಸೆಯಾದರೂ ಸರಿಯಾಗಿ ಬಂದಿದೆಯೋ ಇಲ್ಲವೋ. ಸ್ವಲ್ಪ ಹೊತ್ತು ತಡೆದೆ. ಆಮೇಲೆ ನಾನೇ ಅವನ ಅಕ್ಕನಿಗೆ ಫೋನ್ ಮಾಡಿದೆ.